ಆರೋಗ್ಯ ವಿಮೆಯೂ ಲೆಕ್ಕವೊಪ್ಪಿಸುವ ಕರ್ತವ್ಯವೂ

ಆರೋಗ್ಯ ವಿಮೆಯ ವ್ಯವಹಾರವನ್ನು ನಡೆಸುವ ಕಂಪೆನಿಗಳು ಪಾಲಿಸಿದಾರರಿಗೆ ಏನು ಕೊಟ್ಟುವು, ಎಷ್ಟು ಹೊತ್ತಿನಲ್ಲಿ ಕೊಟ್ಟುವು, ಕೊಡದಿದ್ದರೆ ಯಾವ ಕಾರಣದಿಂದ ಕೊಡಲಿಲ್ಲ ಎಂಬುದರ ಲೆಕ್ಕವನ್ನು ಸರಕಾರಕ್ಕೂ ಸಾರ್ವಜನಿಕರಿಗೂ ಒಪ್ಪಿಸತಕ್ಕದ್ದೆಂದು ನಿಬಂಧನೆಗಳಿರುವುದು ವಾಚಕರಲ್ಲಿ ಕೆಲವರಿಗಾದರೂ ತಿಳಿದಿರಬಹುದು. ಭಾರತ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರದವರು 2024ನೆಯ ಇಸವಿ ಮೇ 29ರಂದು ಹಿಂದಿನ 55 ಸುತ್ತೋಲೆಗಳನ್ನು ರದ್ದುಪಡಿಸಿ, ಅವುಗಳಿಗೆ ಬದಲಾಗಿ ಒಂದೇ ಮಹಾ ಸುತ್ತೋಲೆಯನ್ನು ಹೊರಡಿಸಿದರು. ಅದರಲ್ಲಿ ಪಾಲಿಸಿದಾರನಿಗೆ ಹಿತವಾದ ಮಾತುಗಳು ಅನೇಕವಿವೆ. ನಿಬಂಧನೆ ಒಳ್ಳೆಯದೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಅದು ಪಾಲನೆಯಾಗುತ್ತಿದೆಯೆಂದು ತಿಳಿದುಕೊಳ್ಳುವ ಮಾರ್ಗ ಪ್ರಜೆಯ ಕೈಯಲ್ಲಿ ಇದೆಯೇ ಎಂಬುದೇ ನಮ್ಮ ಪ್ರಶ್ನೆ. ಇಲ್ಲವೆಂದು ಹೇಳದೆ ವಿಧಿಯಿಲ್ಲ.

ಈ ವಿಷಯವು ಹೈದರಾಬಾದಿನ ಪ್ರಾಧಿಕಾರಕ್ಕೂ ಮುಂಬಯಿಯ ಕಂಪೆನಿಗಳಿಗೂ ಸೇರಿದ್ದು, ನಮಗೇಕೆ ಎಂದು ಯಾರೂ ಭಾವಿಸಬಾರದು. ನಮ್ಮ ನಗರದ ಉತ್ತರ ಭಾಗವನ್ನೇ ತೆಗೆದುಕೊಳ್ಳೋಣ. ಪೀಣ್ಯದ ಕಾರ್ಖಾನೆಗಳಿಗೆ ಯಶವಂತಪುರದ ದಾರಿಯಾಗಿ ಹೋಗಿ ಬರುವ ಕಾರ್ಮಿಕನಿಗೆ, ತಿಂಗಳ ವೇತನ 21,000 ರೂಪಾಯಿಯನ್ನು ಮೀರದಿದ್ದರೆ, 1948ರ ಶಾಸನದಿಂದ ಹುಟ್ಟಿದ ಇ.ಎಸ್.ಐ. ವ್ಯವಸ್ಥೆಯ ಆಶ್ರಯವುಂಟು. ಯಲಹಂಕದ ರೈಲ್ವೆ ಗಾಲಿ ಕಾರ್ಖಾನೆಯವರಿಗೆ ರೈಲ್ವೆ ಇಲಾಖೆಯ ವೈದ್ಯ ಸೌಕರ್ಯವಿದೆ. ನಾಗವಾರದ ಕಡೆಯ ಗಣಕಯಂತ್ರದ ಕಚೇರಿಗಳಲ್ಲಿ ದುಡಿಯುವ ತರುಣರಿಗೆ ಅವರ ಮಾಲೀಕರು ಕೊಂಡುಕೊಟ್ಟ ಗುಂಪು ವಿಮೆ ಇರುತ್ತದೆ. ಕೆಲಸ ಬಿಟ್ಟ ದಿನ ಅದೂ ಬಿಟ್ಟುಹೋಗುವುದುಂಟು. ಬಡತನದ ಕಾರ್ಡುಳ್ಳವರಿಗೆ ಸರಕಾರದ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕವಿದೆ. ಇವರಾರೂ ಅಲ್ಲದ ಮಧ್ಯಮ ವರ್ಗದ ಗೃಹಸ್ಥರು, ಆರ್.ಟಿ. ನಗರದ ಅಂಗಡಿಯವರು, ಹೆಬ್ಬಾಳದ ನಿವೃತ್ತ ಉಪಾಧ್ಯಾಯರು, ಸಣ್ಣ ಗುತ್ತಿಗೆದಾರರು, ತಮ್ಮ ಗಳಿಕೆಯಲ್ಲಿ ವರ್ಷಕ್ಕೊಮ್ಮೆ ಹತ್ತಿಪ್ಪತ್ತು ಸಾವಿರ ಮುಡುಪಿಟ್ಟು ಖಾಸಗಿ ಪಾಲಿಸಿಯನ್ನು ಕೊಂಡುಕೊಳ್ಳುವರು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣವು ಪ್ರಾರಂಭವಾದ ಮೇಲೆ ಬಳ್ಳಾರಿ ರಸ್ತೆಯ ಎರಡು ಪಕ್ಕಗಳಲ್ಲಿಯೂ ದೊಡ್ಡ ಆಸ್ಪತ್ರೆಗಳು ಎದ್ದಿವೆ. ಅಲ್ಲಿ ಒಂದು ವಾರ ಮಲಗಿ ಎದ್ದರೆ ಆಗತಕ್ಕ ವೆಚ್ಚವನ್ನು ಪಾಲಿಸಿಯ ಬಲವಿಲ್ಲದೆ ಭರಿಸುವುದು ಸಾಮಾನ್ಯ ಗೃಹಸ್ಥನಿಗೆ ಅಸಾಧ್ಯವೇ ಸರಿ. ಆದುದರಿಂದ ವಿಮಾ ಕಂಪೆನಿಯ ನಡತೆಯು ಈಗ ಮನೆಮನೆಯ ಪ್ರಶ್ನೆಯಾಗಿದೆ.

ವಿಮೆಗಾರನು ಲೆಕ್ಕ ಒಪ್ಪಿಸಬೇಕೆಂಬ ತತ್ತ್ವವು ಹೊಸದಲ್ಲ. ನಮ್ಮ ಮೈಸೂರು ಸಂಸ್ಥಾನವು ದಿವಾನ್ ಶೇಷಾದ್ರಿ ಅಯ್ಯರವರ ಕಾಲದಲ್ಲಿ, 1891ರಲ್ಲಿಯೇ, ತನ್ನ ನೌಕರರಿಗೆ ಜೀವ ವಿಮೆಯನ್ನು ಏರ್ಪಡಿಸಿತು. ಅದರ ಸಂತತಿಯಾದ ಕರ್ನಾಟಕ ಸರಕಾರಿ ವಿಮಾ ಇಲಾಖೆಯು ಇಂದಿಗೂ ನಡೆದುಬಂದಿದೆ. ಬ್ರಿಟಿಷ್ ಇಂಡಿಯಾದಲ್ಲಿ 1938ರ ವಿಮಾ ಶಾಸನವು ಪ್ರತಿಯೊಂದು ಕಂಪೆನಿಯೂ ಆಯವ್ಯಯದ ಪಟ್ಟಿಯನ್ನು ಸರಕಾರದ ವಿಮಾಧಿಕಾರಿಗೆ ವರ್ಷಂಪ್ರತಿ ಸಲ್ಲಿಸತಕ್ಕದ್ದೆಂದು ವಿಧಿಸಿತು. ಆದರೂ ಕಳ್ಳತನ ನಿಲ್ಲಲಿಲ್ಲ. 1955ರಲ್ಲಿ ಫಿರೋಜ್ ಗಾಂಧಿಯವರು ಒಂದು ವಿಮಾ ಕಂಪೆನಿಯ ಹಣ ಒಡೆಯರ ಸ್ವಂತ ವ್ಯವಹಾರಕ್ಕೆ ಹರಿದ ಬಗೆಯನ್ನು ಲೋಕಸಭೆಯ ಮುಂದಿಟ್ಟರು. ಮುಂದಿನ ವರ್ಷವೇ 245 ಜೀವ ವಿಮಾ ಸಂಸ್ಥೆಗಳು ರಾಷ್ಟ್ರದ ವಶವಾದುವು. 1973ರಲ್ಲಿ 107 ಸಾಮಾನ್ಯ ವಿಮಾ ಸಂಸ್ಥೆಗಳು ನಾಲ್ಕು ಸರಕಾರಿ ಕಂಪೆನಿಗಳಲ್ಲಿ ಅಡಗಿದುವು. ಆ ಕಂಪೆನಿಗಳು 1986ರಲ್ಲಿ ಮೆಡಿಕ್ಲೇಮ್ ಎಂಬ ಪಾಲಿಸಿಯನ್ನು ತಂದುವು. 1999ರ ಶಾಸನದ ತರುವಾಯ ಖಾಸಗಿಯವರಿಗೆ ಬಾಗಿಲು ಪುನಃ ತೆರೆಯಿತು. 2025ರ ಡಿಸೆಂಬರಿನಲ್ಲಿ ಪಾರ್ಲಿಮೆಂಟು ವಿದೇಶೀ ಬಂಡವಾಳಕ್ಕಿದ್ದ ಶೇಕಡ 74ರ ಮಿತಿಯನ್ನು ಶೇಕಡ 100ಕ್ಕೆ ಏರಿಸಲು ಒಪ್ಪಿಗೆಯಿತ್ತಿತು. ಬಾಗಿಲು ಎಷ್ಟು ಅಗಲವಾಗುತ್ತದೆಯೋ ಬಾಗಿಲು ಕಾಯುವವನು ಅಷ್ಟು ಎಚ್ಚರವಾಗಿರಬೇಕಾಗುತ್ತದೆ. ಈ ಇತಿಹಾಸವೆಲ್ಲ ಕಲಿಸುವ ಪಾಠವು ಒಂದೇ: ಪಟ್ಟಿಯನ್ನು ಸಲ್ಲಿಸುವುದು ಬೇರೆ, ಪಟ್ಟಿಯನ್ನು ಯಾರಾದರೂ ಓದುವುದು ಬೇರೆ.

ಈಗಿನ ನಿಬಂಧನೆಗಳಾದರೂ ಏನು ಹೇಳುತ್ತವೆ? ನಗದುರಹಿತ ಚಿಕಿತ್ಸೆಗೆ ಆಸ್ಪತ್ರೆಯಿಂದ ಕೋರಿಕೆ ಬಂದ ಒಂದು ಗಂಟೆಯೊಳಗೆ ಕಂಪೆನಿಯು ನಿರ್ಣಯ ಹೇಳಬೇಕು. ರೋಗಿಯನ್ನು ಮನೆಗೆ ಕಳುಹಿಸುವ ಕೋರಿಕೆ ಬಂದ ಮೂರು ಗಂಟೆಯೊಳಗೆ ಕೊನೆಯ ಒಪ್ಪಿಗೆ ಕೊಡಬೇಕು. ತಡವಾದುದರಿಂದ ಆಸ್ಪತ್ರೆಯವರು ಹೆಚ್ಚು ಹಣ ಕೇಳಿದರೆ ಅದನ್ನು ಕಂಪೆನಿಯ ಷೇರುದಾರರ ನಿಧಿಯಿಂದ ತೆರಬೇಕು. ರೋಗಿಯು ಮೃತನಾದರೆ ಶವವನ್ನು ಬಂಧುಗಳಿಗೆ ಒಪ್ಪಿಸುವುದಕ್ಕೆ ವಿಳಂಬವಾಗದಂತೆ ಕ್ಲೇಮನ್ನು ಕೂಡಲೆ ನೋಡಬೇಕು. ಕ್ಲೇಮುಗಳ ಪರಿಶೀಲನಾ ಸಮಿತಿಯ ಒಪ್ಪಿಗೆಯಿಲ್ಲದೆ ಯಾವ ಕ್ಲೇಮನ್ನೂ ನಿರಾಕರಿಸಕೂಡದು. ನಿರಾಕರಿಸಿದರೆ ಪಾಲಿಸಿಯ ಯಾವ ಷರತ್ತಿನ ಮೇರೆಗೆ ಎಂಬುದನ್ನು ಬರೆದು ತಿಳಿಸಬೇಕು. ಇದಲ್ಲದೆ ಕಂಪೆನಿಗಳು ಮೂರು ತಿಂಗಳಿಗೊಮ್ಮೆ ತಮ್ಮ ಕ್ಲೇಮುಗಳ ಮತ್ತು ದೂರುಗಳ ವಿವರವನ್ನು ಬಹಿರಂಗಪಡಿಸಬೇಕು. ಪಾಲಿಸಿಯ ಸಾರವನ್ನು ಸುಲಭವಾದ ಮಾತುಗಳಲ್ಲಿ ಹೇಳುವ ಗ್ರಾಹಕ ಮಾಹಿತಿ ಪತ್ರವನ್ನು 2024ರ ಜನವರಿ 1ರಿಂದ ಹೊಸ ನಮೂನೆಯಲ್ಲಿ ಕೊಡತಕ್ಕದ್ದು. ಪಾಲಿಸಿದಾರನು ಬಯಸಿದರೆ ಅದನ್ನು ಸ್ಥಳೀಯ ಭಾಷೆಯಲ್ಲಿಯೇ ಕೊಡತಕ್ಕದ್ದು.

ಇಷ್ಟು ಓದಿದ ಗೃಹಸ್ಥನಿಗೆ ಸಮಾಧಾನವಾಗಬೇಕು. ಆದರೆ ಲೆಕ್ಕದ ಪುಸ್ತಕವನ್ನು ಬಿಚ್ಚಿ ನೋಡಿದರೆ ಆ ಸಮಾಧಾನ ಉಳಿಯುವುದಿಲ್ಲ. ಪ್ರಾಧಿಕಾರದವರ 2023–24ರ ವಾರ್ಷಿಕ ವರದಿಯ ಪ್ರಕಾರ, ಆ ವರ್ಷದಲ್ಲಿ ಆರೋಗ್ಯ ವಿಮಾ ಕಂಪೆನಿಗಳ ಮುಂದೆ ಇದ್ದ ಕ್ಲೇಮುಗಳ ಸಂಖ್ಯೆ ಸುಮಾರು 3.26 ಕೋಟಿ, ಅವುಗಳಲ್ಲಿ ಸುಮಾರು 2.69 ಕೋಟಿ, ಎಂದರೆ ಶೇಕಡ 82ಕ್ಕೆ ಸ್ವಲ್ಪ ಮೇಲ್ಪಟ್ಟು, ಇತ್ಯರ್ಥವಾದುವು. ಕಂಪೆನಿಗಳವರು ತಮ್ಮ ಜಾಹೀರಾತಿನಲ್ಲಿ ಇಂಥ ಸಂಖ್ಯೆಗಳನ್ನೇ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸುವರು. ಅದೇ ವರದಿಯಲ್ಲಿ ಹಣದ ಲೆಕ್ಕವೂ ಇದೆ. ಕೇಳಿದ ಮೊತ್ತ ಸುಮಾರು 1.17 ಲಕ್ಷ ಕೋಟಿ ರೂಪಾಯಿ. ಕೊಟ್ಟದ್ದು 83,493 ಕೋಟಿ, ಎಂದರೆ ಶೇಕಡ 71.29. ಶೇಕಡ 9.34ರಷ್ಟು ಹಣದ ಕ್ಲೇಮುಗಳನ್ನು ನಿರಾಕರಿಸಿದರು. ಸುಮಾರು ಶೇಕಡ 13ರಷ್ಟು ಹಣವನ್ನು ಷರತ್ತುಗಳಿಗೆ ಒಳಪಡುವುದಿಲ್ಲವೆಂದು ಬಿಟ್ಟರು. ಉಳಿದದ್ದು ವರ್ಷಾಂತ್ಯದಲ್ಲಿ ಬಾಕಿ.

ಶೇಕಡ 82ಕ್ಕೂ ಶೇಕಡ 71ಕ್ಕೂ ನಡುವೆ ಇರುವ ಅಂತರವೇ ಪಾಲಿಸಿದಾರನ ಕಷ್ಟದ ಗಣಿತ. ಯಲಹಂಕದ ಒಬ್ಬ ಗೃಹಸ್ಥನ ಆಸ್ಪತ್ರೆಯ ಬಿಲ್ಲು 1,00,000 ರೂಪಾಯಿ ಆಯಿತೆಂದು ಇಟ್ಟುಕೊಳ್ಳೋಣ. ಕೊಠಡಿಯ ಬಾಡಿಗೆ ಮಿತಿ ಮೀರಿತೆಂದು ಇಷ್ಟು, ಕೈಗವಸು ಮೊದಲಾದುವಕ್ಕೆ ಅವಕಾಶವಿಲ್ಲವೆಂದು ಇಷ್ಟು ಎಂದು ಕತ್ತರಿಸಿ, ಕಂಪೆನಿಯು 60,000 ರೂಪಾಯಿ ಕೊಟ್ಟಿತು. ಮಿಕ್ಕ 40,000 ರೂಪಾಯಿಗೆ ಅವನು ಹೆಂಡತಿಯ ಒಡವೆಯನ್ನು ಅಡವಿಟ್ಟನು. ಕಂಪೆನಿಯ ಪಟ್ಟಿಯಲ್ಲಿ ಈ ಕ್ಲೇಮು ಯಾವ ಕಲಮಿನಲ್ಲಿ ಸೇರುವುದು? ಇತ್ಯರ್ಥವಾದವುಗಳ ಕಲಮಿನಲ್ಲಿಯೇ. ಸಂಖ್ಯೆಯ ಲೆಕ್ಕದಲ್ಲಿ ಅದು ಒಂದಕ್ಕೆ ಒಂದು. ಮನೆಯ ಲೆಕ್ಕದಲ್ಲಿ ಐದರಲ್ಲಿ ಎರಡು ಪಾಲು ನಷ್ಟ. ಕಂಪೆನಿಯವರು ಸುಳ್ಳು ಹೇಳಿದರೆಂದು ನಾವು ಹೇಳುತ್ತಿಲ್ಲ. ನಿಯಮವು ಕೇಳಿದ್ದನ್ನು ಅವರು ತುಂಬಿದ್ದಾರೆ. ಸತ್ಯವಾದ ಅಂಕಿಗಳಿಂದಲೇ ಅಸತ್ಯವಾದ ಭಾವನೆಯನ್ನು ಹುಟ್ಟಿಸಬಹುದೆಂಬುದಕ್ಕೆ ಇದಕ್ಕಿಂತ ಉತ್ತಮ ಉದಾಹರಣೆ ದೊರೆಯಲಾರದು.

ಇನ್ನೊಂದು ಕೊರತೆಯಿದೆ. ಕಂಪೆನಿಗಳು ಬಹಿರಂಗಪಡಿಸುವ ಪಟ್ಟಿಗಳು ಇಡೀ ದೇಶದ ಒಟ್ಟು ಲೆಕ್ಕಗಳು. ಇಂಥ ಕಂಪೆನಿಯು ಬೆಂಗಳೂರಿನಲ್ಲಿ ಹೇಗೆ ನಡೆದುಕೊಳ್ಳುತ್ತದೆ, ಹೆಬ್ಬಾಳದ ಆಸ್ಪತ್ರೆಗಳಿಂದ ಹೋದ ಕೋರಿಕೆಗಳಿಗೆ ಎಷ್ಟು ಹೊತ್ತಿನಲ್ಲಿ ಉತ್ತರ ಕೊಟ್ಟಿತು ಎಂಬುದನ್ನು ಪಾಲಿಸಿ ಕೊಳ್ಳಬೇಕೆಂದಿರುವವನು ಅವುಗಳಿಂದ ಅರಿಯಲಾರನು. ರೋಗ ಬರುವುದು ಒಂದು ಊರಿನಲ್ಲಿ, ಒಂದು ಆಸ್ಪತ್ರೆಯಲ್ಲಿ, ಒಂದು ರಾತ್ರಿಯಲ್ಲಿ. ದೇಶದ ಸರಾಸರಿಯಲ್ಲಿ ಯಾರಿಗೂ ರೋಗ ಬರುವುದಿಲ್ಲ.

ಒಂದು ಗಂಟೆ, ಮೂರು ಗಂಟೆ ಎಂಬ ನಿಬಂಧನೆಯ ವಿಚಾರದಲ್ಲಿ ಗಡಿಯಾರ ಯಾರ ಕೈಯಲ್ಲಿದೆ ಎಂದು ಕೇಳಬೇಕಾಗಿದೆ. ಆಸ್ಪತ್ರೆಯ ವಿಮಾ ವಿಭಾಗದವರು ಕಾಗದಗಳನ್ನು ಕಳುಹಿಸುವರು. ಅನೇಕ ವೇಳೆ ಅವು ಕಂಪೆನಿಗೆ ನೇರವಾಗಿ ಹೋಗದೆ ಟಿ.ಪಿ.ಎ. ಎಂಬ ಮಧ್ಯವರ್ತಿ ಸಂಸ್ಥೆಗೆ ಹೋಗುವುವು. ಅವರು ಇನ್ನೊಂದು ವಿವರ ಬೇಕೆಂದು ಕೇಳಿದರೆ ಗಡಿಯಾರ ನಿಂತಿತೇ, ಮೊದಲಿನಿಂದ ಆರಂಭವಾಯಿತೇ? ಕಂಪೆನಿಯನ್ನು ಕೇಳಿದರೆ ಆಸ್ಪತ್ರೆಯವರು ಕಾಗದ ಕಳುಹಿಸಲಿಲ್ಲ ಎನ್ನುವರು. ಆಸ್ಪತ್ರೆಯವರನ್ನು ಕೇಳಿದರೆ ಕಂಪೆನಿಯ ಉತ್ತರ ಬರಲಿಲ್ಲ ಎನ್ನುವರು. ಬೆಳಿಗ್ಗೆ ಹತ್ತು ಗಂಟೆಗೆ ವೈದ್ಯರು ಮನೆಗೆ ಹೋಗಬಹುದೆಂದ ರೋಗಿಯು ಸಂಜೆ ದೀಪ ಹಚ್ಚುವ ಹೊತ್ತಿನವರೆಗೆ ಹಾಸಿಗೆಯ ಅಂಚಿನಲ್ಲಿ ಕುಳಿತಿರುವನು. ಅವನ ಕೈಯಲ್ಲಿ ಎಷ್ಟು ಗಂಟೆಗೆ ಕಾಗದ ಹೋಯಿತು, ಎಷ್ಟು ಗಂಟೆಗೆ ಉತ್ತರ ಬಂತು ಎಂಬ ಒಂದು ಚೀಟಿಯೂ ಇರುವುದಿಲ್ಲ. ತಪ್ಪಿತಸ್ಥನೇ ತನ್ನ ತಪ್ಪಿನ ಲೆಕ್ಕವನ್ನು ಬರೆಯುವ ವ್ಯವಸ್ಥೆಯಲ್ಲಿ ತಪ್ಪುಗಳು ಕಡಮೆಯಾಗಿ ಕಾಣುವುದು ಆಶ್ಚರ್ಯವಲ್ಲ. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎಂಬ ಗಾದೆಯು ಇಲ್ಲಿ ಅಕ್ಷರಶಃ ನಿಜವಾಗಿದೆ.

ನಮೂನೆಗಳನ್ನು ತುಂಬಿದ ಮಾತ್ರಕ್ಕೆ ವರದಿಯಾಗುವುದಿಲ್ಲ ಎಂಬುದಕ್ಕೆ ಸರಕಾರದ ಯೋಜನೆಯಿಂದಲೇ ಒಂದು ನಿದರ್ಶನ ಸಿಕ್ಕುತ್ತದೆ. ಕಂಟ್ರೋಲರ್ ಮತ್ತು ಆಡಿಟರ್ ಜನರಲ್‌ರವರು ಪ್ರಧಾನ ಮಂತ್ರಿ ಜನ ಆರೋಗ್ಯ ಯೋಜನೆಯನ್ನು ಪರಿಶೋಧಿಸಿ 2023ರ ಆಗಸ್ಟಿನಲ್ಲಿ ಪಾರ್ಲಿಮೆಂಟಿಗೆ ಸಲ್ಲಿಸಿದ ವರದಿಯಲ್ಲಿ, 7,49,820 ಫಲಾನುಭವಿಗಳ ಹೆಸರಿನ ಮುಂದೆ 9999999999 ಎಂಬ ಒಂದೇ ದೂರವಾಣಿ ಸಂಖ್ಯೆ ದಾಖಲಾಗಿದ್ದುದನ್ನು ತೋರಿಸಿದರು. ಫಲಾನುಭವಿಯನ್ನು ಗುರುತಿಸುವುದಕ್ಕೆ ದೂರವಾಣಿ ಸಂಖ್ಯೆಯು ಅಗತ್ಯವಲ್ಲವೆಂದು ಸರಕಾರದವರು ಸಮಾಧಾನ ಹೇಳಿದರು. ಅದು ನಿಜವೇ ಇರಬಹುದು. ಆದರೆ ಅಗತ್ಯವಿಲ್ಲದ ಕಲಮನ್ನು ನಮೂನೆಯಲ್ಲಿ ಏಕಿಡಬೇಕು? ಇಟ್ಟ ಮೇಲೆ ಹತ್ತು ಒಂಬತ್ತುಗಳನ್ನು ಕಂಡು ಮೇಲಧಿಕಾರಿಗಳಲ್ಲಿ ಯಾರೂ ಏಕೆ ಹುಬ್ಬೇರಿಸಲಿಲ್ಲ? ಕಲಮು ತುಂಬಿತ್ತು, ಅದರಲ್ಲಿ ವಿಷಯವಿರಲಿಲ್ಲ. ನಮ್ಮ ಅಧಿಕಾರಿ ವರ್ಗದ ವಾಚಕರು ಈ ಸಂಗತಿಯನ್ನು ವಿಶೇಷವಾಗಿ ಮನಸ್ಸಿಗೆ ತಂದುಕೊಳ್ಳಬೇಕೆಂದು ಕೋರುತ್ತೇವೆ.

ಕಂಪೆನಿಗಳ ಪಕ್ಷದಲ್ಲಿಯೂ ಹೇಳತಕ್ಕ ಮಾತುಗಳುಂಟು. ಅವನ್ನು ಮರೆಮಾಚುವುದು ನ್ಯಾಯವಾಗದು. ವಿಮೆಯಿದೆಯೆಂದು ತಿಳಿದೊಡನೆ ಬಿಲ್ಲನ್ನು ಉಬ್ಬಿಸುವ ಆಸ್ಪತ್ರೆಗಳಿವೆ ಎಂದು ಅವರು ದೂರುತ್ತಾರೆ. ಅನಗತ್ಯ ಪರೀಕ್ಷೆಗಳು, ಅನಗತ್ಯ ದಿನಗಳು ಕೊನೆಗೆ ಎಲ್ಲ ಪಾಲಿಸಿದಾರರ ಕಂತಿನ ಮೇಲೆಯೇ ಬೀಳುವುವು. 2025ರ ಆಗಸ್ಟಿನಲ್ಲಿ ಖಾಸಗಿ ಆಸ್ಪತ್ರೆಗಳ ಒಂದು ಸಂಘವು ದರಗಳ ಜಗಳದಿಂದಾಗಿ ಕೆಲವು ಕಂಪೆನಿಗಳ ಪಾಲಿಸಿದಾರರಿಗೆ ಸೆಪ್ಟೆಂಬರ್ 1ರಿಂದ ನಗದುರಹಿತ ಚಿಕಿತ್ಸೆಯನ್ನು ನಿಲ್ಲಿಸುವಂತೆ ಉತ್ತರ ಭಾರತದ ತನ್ನ ಸದಸ್ಯರಿಗೆ ಸೂಚಿಸಿ, ಬಳಿಕ ಹಿಂತೆಗೆದುಕೊಂಡದ್ದು ವಾಚಕರಿಗೆ ನೆನಪಿರಬಹುದು. ಗೂಳಿಗಳೆರಡು ಕಾದರೆ ನಡುವೆ ಗರಿಕೆಗೆ ಕೇಡು. ಸರಕಾರಿ ಕಂಪೆನಿಗಳು ಆರೋಗ್ಯ ವಿಮೆಯಲ್ಲಿ ಗಳಿಸಿದ ನೂರು ರೂಪಾಯಿ ಕಂತಿಗೆ 2023–24ರಲ್ಲಿ ನೂರಕ್ಕೂ ಹೆಚ್ಚು ಕ್ಲೇಮಿಗೆ ತೆತ್ತುವು. ಆರೋಗ್ಯ ವಿಮೆಯೊಂದನ್ನೇ ನಡೆಸುವ ಖಾಸಗಿ ಕಂಪೆನಿಗಳು ತೆತ್ತದ್ದು ಅರವತ್ತೈದರ ಸುಮಾರು. ಮೊದಲನೆಯದು ಬಹುಕಾಲ ನಡೆಯುವ ವ್ಯಾಪಾರವಲ್ಲ. ಎರಡನೆಯದು ಪಾಲಿಸಿದಾರನು ಸುಮ್ಮನೆ ಒಪ್ಪಿಕೊಳ್ಳತಕ್ಕ ವ್ಯಾಪಾರವಲ್ಲ.

ಪಾಲಿಸಿದಾರರಲ್ಲಿಯೂ ಎಲ್ಲರೂ ಹರಿಶ್ಚಂದ್ರರಲ್ಲ. ಮಧುಮೇಹವಿರುವುದನ್ನೂ ರಕ್ತದ ಒತ್ತಡವಿರುವುದನ್ನೂ ಅರ್ಜಿಯಲ್ಲಿ ಬಚ್ಚಿಟ್ಟು, ಹೃದಯದ ಶಸ್ತ್ರಚಿಕಿತ್ಸೆಗೆ ಹಣ ಕೇಳುವವರುಂಟು. ಏಜೆಂಟನು ಏನನ್ನೂ ಬರೆಯಬೇಡಿರೆಂದು ಹೇಳಿದನೆಂಬುದು ಸಮಾಧಾನವಾಗಲಾರದು. ಇದಕ್ಕೆಂದೇ ಶಾಸನವು ಕಠಿಣವಾಗಿದೆ. ಮುಂಚಿನಿಂದ ಇದ್ದ ರೋಗಕ್ಕೆ 36 ತಿಂಗಳವರೆಗೆ ಕಾಯಿಸಬಹುದು. ಪಾಲಿಸಿಯು ಎಡೆಬಿಡದೆ 60 ತಿಂಗಳು ನಡೆಯುವವರೆಗೆ, ಒಂದು ಸಾಲನ್ನು ಮುಚ್ಚಿಟ್ಟಿದ್ದಕ್ಕೂ ಕ್ಲೇಮನ್ನು ಪ್ರಶ್ನಿಸಬಹುದು. ಅದರ ನಂತರವೂ ವಂಚನೆ ಸಿದ್ಧವಾದರೆ ರಕ್ಷಣೆಯಿಲ್ಲ. ಕಂತಿನ ಹಣ ಮುಂಗಡವಾಗಿ ಸಲ್ಲದೆ ಕಂಪೆನಿಯು ಹೊಣೆಯನ್ನು ಹೊರಕೂಡದೆಂದು 1938ರ ಶಾಸನದ 64 ವಿ.ಬಿ. ಕಲಮು ಹೇಳುತ್ತದೆ.

ನಮ್ಮ ವಾದದ ತಿರುಳು ಇಲ್ಲಿಯೇ ಇದೆ. ವಿಮೆಯು ಪರಸ್ಪರ ವಿಶ್ವಾಸದ ಕರಾರು ಎಂದು ಕಾನೂನು ಬಲ್ಲವರೆಲ್ಲರೂ ಹೇಳುವರು. ಪರಸ್ಪರ ಎಂಬ ಮಾತಿಗೆ ಎರಡು ಕಡೆಯೂ ಸಮ ಎಂದರ್ಥ. ಪ್ರಜೆಯು ತನ್ನ ದೇಹದ ವರದಿಯಲ್ಲಿ ಒಂದು ಸಾಲನ್ನು ಬಿಟ್ಟರೆ ಅವನ ಪಾಲಿಸಿಯೇ ಬಿದ್ದುಹೋಗಬಹುದು. ಕಂಪೆನಿಯು ತನ್ನ ನಡತೆಯ ವರದಿಯಲ್ಲಿ ಗಂಟೆಯನ್ನು ತಪ್ಪಾಗಿ ಬರೆದರೆ, ಕಾರಣವನ್ನು ಮರೆಮಾಚಿದರೆ, ಅರೆ ಕೊಟ್ಟದ್ದನ್ನು ಪೂರ್ಣವೆಂಬಂತೆ ಎಣಿಸಿದರೆ, ರೋಗಿಗೆ ಅದರಿಂದ ಬರತಕ್ಕ ಪರಿಹಾರವೇನು? ಪ್ರಾಧಿಕಾರದವರು ಕಂಪೆನಿಗಳಿಗೆ ದಂಡ ವಿಧಿಸಬಲ್ಲರು. ಆ ದಂಡ ಒಡವೆ ಅಡವಿಟ್ಟವನ ಮನೆಗೆ ಬರುವುದಿಲ್ಲ. ಒಬ್ಬನಿಗೆ ಕಬ್ಬಿಣದ ಅಳತೆಗೋಲು, ಇನ್ನೊಬ್ಬನಿಗೆ ರಬ್ಬರಿನ ಅಳತೆಗೋಲು ಎಂಬ ಈ ಕ್ರಮವು ನ್ಯಾಯವಲ್ಲ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂದು ನಮ್ಮ ಹಿರಿಯರು ಆಡಿದ್ದು ಇಂಥ ಕರಾರುಗಳನ್ನು ಕಂಡೇ ಇರಬೇಕು.

ಲೆಕ್ಕವನ್ನು ಸರಿಯಾಗಿ ಹಿಡಿದರೆ ಎಂಥ ಪ್ರಯೋಜನವಾಗುವುದೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ಒಂದು ದೃಷ್ಟಾಂತವುಂಟು. 2010ರಲ್ಲಿ ಗುಲ್ಬರ್ಗ ವಿಭಾಗದಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆಯನ್ನು ಮೊದಲು ಜಾರಿಗೆ ತಂದಾಗ, ಗಡಿಯ ಒಂದು ಕಡೆಯ ಹಳ್ಳಿಗಳಿಗೆ ಅದು ಲಭಿಸಿತ್ತು, ಇನ್ನೊಂದು ಕಡೆಯವಕ್ಕೆ ಲಭಿಸಿರಲಿಲ್ಲ. ವಿದ್ವಾಂಸರು ಎರಡು ಕಡೆಯ 572 ಹಳ್ಳಿಗಳ 60,109 ಮನೆಗಳನ್ನು ವಿಚಾರಿಸಿ ತುಲನೆ ಮಾಡಿ, 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲಿನಲ್ಲಿ ಪ್ರಕಟಿಸಿದರು. ಬಡತನದ ರೇಖೆಯ ಕೆಳಗಿನ ಮನೆಗಳಲ್ಲಿ, ಯೋಜನೆಗೆ ಒಳಪಟ್ಟ ರೋಗಗಳಿಂದಾದ ಮರಣಗಳ ಪ್ರಮಾಣವು ಯೋಜನೆಯಿದ್ದ ಕಡೆ ಶೇಕಡ 64ರಷ್ಟು ಕಡಮೆಯಿತ್ತು. ವಿಮೆಯೆಂಬುದು ಕೇವಲ ಹಣದ ಮಾತಲ್ಲ, ಪ್ರಾಣದ ಮಾತು ಎಂಬುದು ಇದರಿಂದ ಸಿದ್ಧವಾಗುತ್ತದೆ. ಹಳ್ಳಿಹಳ್ಳಿಯಲ್ಲಿ ಮನೆಮನೆಯನ್ನು ಎಣಿಸಿದ್ದರಿಂದ ಇದು ತಿಳಿಯಿತು. ಒಟ್ಟು ಮೊತ್ತದ ಪಟ್ಟಿಯಿಂದ ಇದು ಎಂದಿಗೂ ತಿಳಿಯುತ್ತಿರಲಿಲ್ಲ.

ಆ ಯೋಜನೆಯನ್ನು ನಡೆಸಿದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟೇ ಈಗಿನ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕವನ್ನೂ ನಡೆಸುತ್ತಿದೆ. 2018ರ ಮಾರ್ಚಿನಲ್ಲಿ ಆರೋಗ್ಯ ಕರ್ನಾಟಕವಾಗಿ ಹುಟ್ಟಿ, ಅದೇ ವರ್ಷದ ಅಕ್ಟೋಬರಿನಲ್ಲಿ ಕೇಂದ್ರದ ಯೋಜನೆಯೊಡನೆ ಕೂಡಿದ ಇದರಲ್ಲಿ ಬಡತನದ ಕಾರ್ಡುಳ್ಳ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಇತರರಿಗೆ ನಿಗದಿಯಾದ ದರದಲ್ಲಿ ಶೇಕಡ 30ರ ನೆರವು, ವರ್ಷಕ್ಕೆ 1.5 ಲಕ್ಷದ ಮಿತಿಗೆ ಒಳಪಟ್ಟು. ಇಲ್ಲಿ ನಡುವೆ ವಿಮಾ ಕಂಪೆನಿಯಿಲ್ಲ. ಟ್ರಸ್ಟೇ ಆಸ್ಪತ್ರೆಗಳಿಗೆ ಹಣ ಕೊಡುತ್ತದೆ. ಹಾಗೆಂದು ಲೆಕ್ಕವೊಪ್ಪಿಸುವ ಕರ್ತವ್ಯವು ಕಡಮೆಯಾಗುವುದಿಲ್ಲ. ಪ್ರಜೆಯ ಕಂದಾಯದ ಹಣವಾದುದರಿಂದ ಅದು ಇಮ್ಮಡಿಯಾಗುತ್ತದೆ. ಸರಕಾರವು ತಾನು ಮಾಡದ್ದನ್ನು ಕಂಪೆನಿಗಳಿಂದ ಮಾಡಿಸಲಾರದು. ಆಸ್ಪತ್ರೆಗಳ ಮಟ್ಟಿಗೆ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಶಾಸನವು, 2017ರ ತಿದ್ದುಪಡಿಯೊಡನೆ, ನಮ್ಮ ರಾಜ್ಯದ ಕೈಯಲ್ಲಿಯೇ ಇದೆ. ದರಗಳನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕೆಂದು ಅದು ಹೇಳುತ್ತದೆ. ಕಂಪೆನಿಗಳನ್ನು ಆಳುವ ಅಧಿಕಾರ ರಾಜ್ಯಕ್ಕಿಲ್ಲವೆಂದು ಕೈಕಟ್ಟಿ ಕೂಡುವ ಅಧಿಕಾರಿಗಳು ಈ ಶಾಸನವನ್ನೊಮ್ಮೆ ತೆರೆದು ನೋಡುವುದು ಮೇಲು.

ಹೊರದೇಶಗಳ ಕ್ರಮವನ್ನೂ ಸ್ವಲ್ಪ ನೋಡಬಹುದು. ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ 2010ರ ಆರೋಗ್ಯ ಶಾಸನದ ಮೇರೆಗೆ, ಯಾರಿಗೆ ಯಾವ ಯಾವ ತಿಂಗಳಲ್ಲಿ ವಿಮೆಯಿತ್ತೆಂಬುದನ್ನು ಕಂಪೆನಿಯು ವರ್ಷಂಪ್ರತಿ ಕಂದಾಯ ಇಲಾಖೆಗೆ ವರದಿ ಮಾಡಬೇಕು. ಅದರ ಪ್ರತಿಯನ್ನು ವಿಮೆದಾರನಿಗೂ ಕೊಡಬೇಕು. ಕಾಗದದ ಹೊರೆ ಹೆಚ್ಚಾಯಿತೆಂದು, 2024ರ ಡಿಸೆಂಬರಿನ ಶಾಸನದಿಂದ, ಕೇಳಿದವರಿಗೆ ಮಾತ್ರ ಪ್ರತಿ ಕೊಟ್ಟರೆ ಸಾಕೆಂದು ಸಡಿಲಿಸಿದರು. ಆದರೆ ಇಲಾಖೆಗೆ ವರದಿ ಮಾಡುವುದನ್ನು ಬಿಡಲಿಲ್ಲ. ಇನ್ನೊಂದು ನಿಯಮವು ನಮಗೆ ಹೆಚ್ಚು ಹಿಡಿಸುತ್ತದೆ. ವ್ಯಕ್ತಿಗಳಿಗೂ ಸಣ್ಣ ಗುಂಪುಗಳಿಗೂ ಮಾರಿದ ವಿಮೆಯಲ್ಲಿ ಕಂತಿನ ಶೇಕಡ 80ರಷ್ಟನ್ನು, ದೊಡ್ಡ ಗುಂಪುಗಳಲ್ಲಿ ಶೇಕಡ 85ರಷ್ಟನ್ನು, ಚಿಕಿತ್ಸೆಗೂ ಅದರ ಗುಣವೃದ್ಧಿಗೂ ವೆಚ್ಚ ಮಾಡದ ಕಂಪೆನಿಯು ಉಳಿಕೆಯನ್ನು ವಿಮೆದಾರರಿಗೆ ಹಿಂದಿರುಗಿಸಬೇಕು. ಅಲ್ಲಿ ವರದಿಯು ಬರಿಯ ಕಾಗದವಾಗಿ ಉಳಿಯದೆ ಹಣವಾಗಿ ಮನೆಗೆ ಬರುತ್ತದೆ; ಆದುದರಿಂದಲೇ ಅದನ್ನು ಓದುವವರಿದ್ದಾರೆ. ಅಮೆರಿಕಾದ ಆರೋಗ್ಯ ವ್ಯವಸ್ಥೆಯು ಅನುಕರಣೀಯವೆಂದು ನಾವು ಹೇಳುವುದಿಲ್ಲ. ಅಲ್ಲಿನ ದುಬಾರಿಯು ಲೋಕಪ್ರಸಿದ್ಧವಾಗಿದೆ. ಆದರೆ ಒಳ್ಳೆಯ ಕಲಮನ್ನು ಎಲ್ಲಿಂದಲಾದರೂ ತೆಗೆದುಕೊಳ್ಳಬಹುದು.

ಆದುದರಿಂದ ಪ್ರಾಧಿಕಾರದವರ ಮುಂದೆಯೂ ನಮ್ಮ ಸರಕಾರದ ಮುಂದೆಯೂ ಕೆಲವು ಸಲಹೆಗಳನ್ನು ಇಡುತ್ತೇವೆ. ಮೊದಲನೆಯದಾಗಿ, ಇತ್ಯರ್ಥವಾದ ಕ್ಲೇಮುಗಳ ಪಟ್ಟಿಯಲ್ಲಿ ಪೂರ್ಣವಾಗಿ ಕೊಟ್ಟವು, ಭಾಗಶಃ ಕೊಟ್ಟವು ಎಂದು ಎರಡು ಕಲಮುಗಳಿರಲಿ. ಜಾಹೀರಾತಿನಲ್ಲಿ ಸಂಖ್ಯೆಯ ಶೇಕಡವನ್ನು ಹೇಳುವ ಕಂಪೆನಿಯು ಹಣದ ಶೇಕಡವನ್ನೂ ಅಷ್ಟೇ ದಪ್ಪ ಅಕ್ಷರದಲ್ಲಿ ಹೇಳಲಿ. ಎರಡನೆಯದಾಗಿ, ಮೂರು ತಿಂಗಳ ಪಟ್ಟಿಗಳು ಜಿಲ್ಲೆವಾರಾಗಿ ಹೊರಬರಲಿ. ಬೆಂಗಳೂರಿಗೆ 2025ರ ಸೆಪ್ಟೆಂಬರಿನಿಂದ ಐದು ನಗರ ಪಾಲಿಕೆಗಳಾಗಿವೆ. ಬೆಂಗಳೂರು ಉತ್ತರಕ್ಕೆಂದು ಪ್ರತ್ಯೇಕ ಪಟ್ಟಿ ಕೊಡುವುದು ಗಣಕಯಂತ್ರದ ಈ ಯುಗದಲ್ಲಿ ಭಾರವಾದ ಕೆಲಸವಲ್ಲ. ಮೂರನೆಯದಾಗಿ, ಕೋರಿಕೆ ಹೋದ ಗಂಟೆ, ಉತ್ತರ ಬಂದ ಗಂಟೆ ಇವೆರಡನ್ನೂ ತೋರಿಸುವ ಚೀಟಿಯನ್ನು ರೋಗಿಗೆ ಕೊಡತಕ್ಕದ್ದೆಂದು ವಿಧಿಸಲಿ; ಆಸ್ಪತ್ರೆಯ ಲೆಕ್ಕವನ್ನು ಕಂಪೆನಿಯ ಲೆಕ್ಕದೊಡನೆ ತಾಳೆ ನೋಡುವ ಅಧಿಕಾರಿಯೊಬ್ಬನಿರಲಿ. ನಾಲ್ಕನೆಯದಾಗಿ, ಸ್ಥಳೀಯ ಭಾಷೆಯ ಪತ್ರವನ್ನು ಬಯಸಿದವರಿಗೆ ಮಾತ್ರ ಎಂಬ ಷರತ್ತು ಹೋಗಲಿ. ಹಕ್ಕಿರುವುದೇ ತಿಳಿಯದವನು ಅದನ್ನು ಬಯಸುವುದು ಹೇಗೆ? ಕರ್ನಾಟಕದಲ್ಲಿ ಮಾರುವ ಪಾಲಿಸಿಯ ಸಾರವೂ, ಕ್ಲೇಮನ್ನು ನಿರಾಕರಿಸುವ ಪತ್ರವೂ, ಕೇಳದೆಯೇ ಕನ್ನಡದಲ್ಲಿ ಬರಲಿ. ಕಂತು ಕೇಳುವಾಗ ಕನ್ನಡ ಬರುವ ಕಂಪೆನಿಗೆ ಕಾರಣ ಹೇಳುವಾಗ ಕನ್ನಡ ಬಾರದಿರುವುದು ವಿಚಿತ್ರ.

ಇಷ್ಟೆಲ್ಲ ವರದಿಗಳಿಂದ ಕಂಪೆನಿಗಳ ವೆಚ್ಚ ಹೆಚ್ಚಿ ಕಂತು ಏರುವುದೆಂಬ ಆಕ್ಷೇಪಣೆ ಬರಬಹುದು. ಸಾಮಾನ್ಯ ವಿಮಾ ಕಂಪೆನಿಗಳಿಗೆ ಒಟ್ಟು ಕಂತಿನ ಶೇಕಡ 30, ಆರೋಗ್ಯ ವಿಮೆಯೊಂದನ್ನೇ ನಡೆಸುವವರಿಗೆ ಶೇಕಡ 35ರವರೆಗೆ ನಿರ್ವಹಣೆಗೆ ವೆಚ್ಚ ಮಾಡಲು ಪ್ರಾಧಿಕಾರದವರು ಈಗಾಗಲೇ ಅವಕಾಶವಿತ್ತಿದ್ದಾರೆ. ಕಮಿಷನಿಗೂ ಜಾಹೀರಾತಿಗೂ ಸ್ಥಳವಿರುವ ಆ ಮಿತಿಯಲ್ಲಿ ಒಂದು ಪಟ್ಟಿಗೆ ಸ್ಥಳವಿಲ್ಲವೆಂದರೆ ಯಾರು ನಂಬುವರು? ಇದಲ್ಲದೆ 2025ರ ಸೆಪ್ಟೆಂಬರ್ 22ರಿಂದ ವ್ಯಕ್ತಿಗತ ಆರೋಗ್ಯ ಪಾಲಿಸಿಗಳ ಮೇಲಿದ್ದ ಶೇಕಡ 18ರ ಜಿ.ಎಸ್.ಟಿ. ತೆರಿಗೆಯನ್ನು ಸರಕಾರದವರು ತೆಗೆದುಹಾಕಿದ್ದಾರೆ. ಆ ರಿಯಾಯಿತಿಯು ಪಾಲಿಸಿದಾರನಿಗೆ ಪೂರ್ಣವಾಗಿ ಮುಟ್ಟಿತೇ, ನಡುವೆ ಸೋರಿತೇ ಎಂಬುದೂ ಸರಿಯಾದ ಲೆಕ್ಕದಿಂದ ಮಾತ್ರವೇ ತಿಳಿಯತಕ್ಕ ವಿಷಯ.

ಸುಧಾರಣೆ ಬರುವವರೆಗೆ ವಾಚಕರು ಸುಮ್ಮನಿರಬೇಕಾಗಿಲ್ಲ. ನಿರಾಕರಣೆಯ ಕಾರಣವನ್ನು, ಪಾಲಿಸಿಯ ಷರತ್ತಿನ ಉಲ್ಲೇಖದೊಡನೆ, ಬರವಣಿಗೆಯಲ್ಲಿಯೇ ಕೇಳಿ ಪಡೆಯಿರಿ. ಗ್ರಾಹಕ ಮಾಹಿತಿ ಪತ್ರವನ್ನು ಕನ್ನಡದಲ್ಲಿ ಕೊಡಿರೆಂದು ಬರೆದು ಕೇಳಿರಿ. ಪಾಲಿಸಿ ಒಪ್ಪಿಗೆಯಾಗದಿದ್ದರೆ 30 ದಿನಗಳೊಳಗೆ ಹಿಂದಿರುಗಿಸುವ ಹಕ್ಕು ನಿಮಗುಂಟು. ಮೊದಲು ಕಂಪೆನಿಗೆ ದೂರು ಕೊಡಿ. ಪ್ರಾಧಿಕಾರದ ಬಿಮಾ ಭರೋಸಾ ವ್ಯವಸ್ಥೆಗೆ 155255 ಎಂಬ ದೂರವಾಣಿಯಲ್ಲಿ ತಿಳಿಸಬಹುದು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ನ್ಯಾಯವೆಂದು ತೋರದಿದ್ದರೆ, ಒಂದು ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್‌ರವರಿಗೆ ಬರೆಯಿರಿ. ಕರ್ನಾಟಕಕ್ಕೆ ಅವರ ಕಚೇರಿಯು ಜೆ.ಪಿ. ನಗರದ ಜೀವನ ಸೌಧದಲ್ಲಿದೆ. ಅಲ್ಲಿ ಶುಲ್ಕವಿಲ್ಲ, ವಕೀಲರ ಅಗತ್ಯವಿಲ್ಲ. 50 ಲಕ್ಷ ರೂಪಾಯಿವರೆಗಿನ ತಕರಾರನ್ನು ಅವರು ವಿಚಾರಿಸಬಲ್ಲರು. ಯಲಹಂಕದವರು ಇಡೀ ನಗರವನ್ನು ದಾಟಿ ಹೋಗಬೇಕಾಗುವುದೆಂಬ ಅಂಜಿಕೆ ಬೇಡ. ಅಂಚೆಯಲ್ಲಿ ಕಳುಹಿಸಿದರೂ ಸಲ್ಲುತ್ತದೆ. ಅವರ ತೀರ್ಪನ್ನು ಕಂಪೆನಿಯು 30 ದಿನಗಳೊಳಗೆ ನಡೆಸದಿದ್ದರೆ ದಿನವೊಂದಕ್ಕೆ 5,000 ರೂಪಾಯಿನಂತೆ ದೂರುದಾರನಿಗೇ ತೆರಬೇಕೆಂದು 2024ರ ಸುತ್ತೋಲೆಯು ವಿಧಿಸಿದೆ. ತಪ್ಪಿದ ಕಂಪೆನಿಯ ಹಣವು ನೊಂದವನ ಕೈಗೆ ನೇರವಾಗಿ ಬರುವ ಈ ನಿಯಮವು ಉತ್ತಮವಾದುದು. ಗಂಟೆಗಳನ್ನು ತಪ್ಪಿದ ಕಂಪೆನಿಗೂ ಇದೇ ರೀತಿಯಲ್ಲಿ, ತಡವಾದ ಪ್ರತಿ ಗಂಟೆಗೂ, ರೋಗಿಗೆ ಸಲ್ಲುವಂತೆ ದಂಡವನ್ನು ಏಕೆ ಕಟ್ಟಕೂಡದು? ಹಾಗಾದ ದಿನ ಗಡಿಯಾರಗಳೆಲ್ಲವೂ ತಾವಾಗಿಯೇ ಸರಿಹೋಗುವುವು.

ನಮ್ಮ ಅಧಿಕಾರಿ ವರ್ಗದವರಿಗೆ ಕೊನೆಯದಾಗಿ ಒಂದು ಮಾತು. ನಿಮ್ಮ ಮೇಜಿಗೆ ಬರುವ ಪಟ್ಟಿಯಲ್ಲಿನ ಪ್ರತಿಯೊಂದು ಅಂಕಿಯ ಹಿಂದೆಯೂ ಒಬ್ಬ ರೋಗಿ, ಒಂದು ಮನೆ, ಒಂದು ಸಾಲದ ಪತ್ರ ಇವೆ. ಪಟ್ಟಿಯು ಬಂತೆಂದು ಮುದ್ರೆಯೊತ್ತಿ ಕಡತಕ್ಕೆ ಸೇರಿಸುವುದರಿಂದ ಕಂಪೆನಿಯ ಕರ್ತವ್ಯ ಮುಗಿದಂತೆ ಕಾಣಬಹುದು. ಸರಕಾರದ ಕರ್ತವ್ಯ ಅಲ್ಲಿಂದಲೇ ಪ್ರಾರಂಭವಾಗುತ್ತದೆ. ಕಂಪೆನಿಗಳು ಸಲ್ಲಿಸಿದ ಲೆಕ್ಕವನ್ನು ಓದುವವರೂ, ಓದಿ ಪ್ರಶ್ನಿಸುವವರೂ, ಪ್ರಶ್ನಿಸಿ ಪ್ರಜೆಗೆ ಅವನ ಭಾಷೆಯಲ್ಲಿಯೇ ತಿಳಿಸುವವರೂ ಇರಲಿ ಎಂಬುದೇ ನಮ್ಮ ನಿವೇದನೆ. ಇದನ್ನು ಪ್ರಾಧಿಕಾರದವರೂ ರಾಜ್ಯ ಸರಕಾರದವರೂ ಪರಾಂಬರಿಸುವರೆಂದು ನಂಬುತ್ತೇವೆ.